ಕೆಟ್ಟದ್ದು ಯಾವುದು, ಕೆಡಿಸಿದ್ದು ಯಾವುದು?



ಇಂದು ದೊಡ್ಡ ವಿಷಯ ಹೇಳಲು ನಾವು ಕುಳಿತಿಲ್ಲ. ಮಠದ ಅಡಿಕೆ ತೋಟದ ಪವರ್ ಟಿಲ್ಲರ್ ಕೆಟ್ಟ ಕಥೆಯನ್ನು ಹೇಳುತ್ತೇವೆ. ನಿಮ್ಮಲ್ಲಿ ಹಲವರ ಮನೆಯಲ್ಲಿ ಆ ಯಂತ್ರ ಇದೆ. ಆದ್ದರಿಂದ ಇದು ನಿಮ್ಮ ಕಥೆಯೂ ಹೌದು.

ಕೆಲವು ವರ್ಷಗಳ ಹಿಂದಿನ ಮಾತು. ಎಷ್ಟು ಹ್ಯಾಂಡಲ್ ತಿರುವಿದರೂ ಟಿಲ್ಲರಿನ ಇಂಜಿನ್ನು ಚಾಲೂ ಆಗದಾಯಿತು. ಆದರೂ ನೀಲಿ ಹೊಗೆ. ಹೊರೆ ಬಿದ್ದರೆ ಏದುಸಿರು. ಪೇಟೆಯಿಂದ ಮೆಕ್ಯಾನಿಕ್ ಬಂದ, ಬಿಚ್ಚಿದ, "ರಿಂಗು ಸವೆದಿವೆ" ಎಂದ, ಹೊಸ ರಿಂಗು ಹಾಕಿದ. ನಾಲ್ಕು ತಿಂಗಳು ಓಡಿತು. ಮತ್ತೆ ಅದೇ ಹೊಗೆ, ಮತ್ತೆ ರಿಂಗು. ಆಗ ಎಲ್ಲರ ಕಣ್ಣು ಟಿಲ್ಲರ್ ಓಡಿಸುವ ಹುಡುಗನ ಮೇಲೆ ಬಿತ್ತು. "ಇವನು ಆಯಿಲ್ ನೋಡುವುದಿಲ್ಲ" ಎಂದರು. "ಇಲ್ಲ ಬುದ್ಧಿ, ದಿನಾ ಕಡ್ಡಿ ಎಳೆದು ನೋಡ್ತೀನಿ" ಎಂದ ಹುಡುಗ. ನಾವು ಅವನ ಮಾತು ಕೇಳಲಿಲ್ಲ. ಕೆಲಸ ಬಿಡಿಸಿದೆವು.

ಡೀಸೆಲ್ ಇಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ಗಿಲ್ಲ. ಒಳಗೆಳೆದ ಗಾಳಿಯನ್ನು ಪಿಸ್ಟನ್ನು ಸುಮಾರು 18ರಲ್ಲಿ ಒಂದು ಪಾಲಿನಷ್ಟಕ್ಕೆ ಒತ್ತುತ್ತದೆ. ಒತ್ತಿದ ಗಾಳಿ 500 ಡಿಗ್ರಿ ಮೀರಿ ಕಾಯುತ್ತದೆ. ಅದರೊಳಗೆ ಸಿಡಿಸಿದ ಡೀಸೆಲ್ಲು ತಾನೇ ಹೊತ್ತಿಕೊಳ್ಳುತ್ತದೆ. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ರುಡಾಲ್ಫ್ ಡೀಸೆಲ್ ಓಡಿಸಿ ತೋರಿಸಿದ್ದು ಈ ತತ್ವವನ್ನೇ. ರಿಂಗು ಸವೆದರೆ ಒತ್ತಿದ ಗಾಳಿ ಪಕ್ಕದಿಂದ ನುಸುಳಿಹೋಗುತ್ತದೆ, ಸಾಕಷ್ಟು ಕಾವು ಹುಟ್ಟುವುದಿಲ್ಲ. ಆಯಿಲ್ಲು ಮೇಲೇರಿ ಉರಿದು ನೀಲಿ ಹೊಗೆಯಾಗುತ್ತದೆ. ಮೆಕ್ಯಾನಿಕ್ ಹೇಳಿದ್ದು ಸುಳ್ಳಲ್ಲ. ಆದರೆ ರಿಂಗು ಸವೆದದ್ದು ಏಕೆ? ಅವನೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಮೂರನೆಯ ಸಲ ಪಕ್ಕದ ಹಳ್ಳಿಯ ವಯಸ್ಸಾದ ಮೇಸ್ತ್ರಿಯೊಬ್ಬರು ಬಂದರು. ಅವರು ಇಂಜಿನ್ ಬಿಚ್ಚಲು ಹೋಗಲಿಲ್ಲ. ಏರ್ ಕ್ಲೀನರಿನಿಂದ ಇಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಹೋಸನ್ನು ಕಳಚಿ, ಒಳಗೆ ಬೆರಳಾಡಿಸಿದರು. ಬೆರಳಿಗೆ ಕೆಂಪು ಧೂಳು ಹತ್ತಿತ್ತು. "ಸೋಸಿದ ಗಾಳಿ ಹೋಗೋ ಜಾಗ ಬುದ್ಧಿ, ಇಲ್ಲಿ ಧೂಳು ಇರಬಾರದು" ಎಂದು ಹೋಸನ್ನು ಬಗ್ಗಿಸಿ ತೋರಿಸಿದರು. ಅಡಿಭಾಗದಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಒಂದು ಅಂಗುಲದ ಸೀಳು!

ಆ ಇಂಜಿನ್ನು ಗಂಟೆಗೆ 30,000 ಲೀಟರಿಗೂ ಹೆಚ್ಚು ಗಾಳಿ ಕುಡಿಯುತ್ತದೆ. ಡೀಸೆಲ್ಲನ್ನು ನಾವು ಅಳೆದು ಸೋಸಿ ಹಾಕುತ್ತೇವೆ. ಗಾಳಿಯ ಲೆಕ್ಕ ಇಟ್ಟವರಾರು? ಮಣ್ಣಿನಲ್ಲಿರುವ ಮರಳಿನ ಕಣ ಬೀಡುಕಬ್ಬಿಣಕ್ಕಿಂತ ಗಟ್ಟಿ. ಅದು ಆಯಿಲ್ಲಿನಲ್ಲಿ ಕಲೆತು, ಸಾಣೆ ಹಿಡಿದಂತೆ ಲೈನರನ್ನೂ ರಿಂಗನ್ನೂ ತಿನ್ನುತ್ತದೆ. ನಾವು ಹಾಕಿದ ಹೊಸ ರಿಂಗುಗಳು ಆ ಸಾಣೆಗೆ ಹೊಸ ಮೇವಾದವು, ಅಷ್ಟೇ.

ಮೇಸ್ತ್ರಿ ಲೈನರ್, ಪಿಸ್ಟನ್, ರಿಂಗು ಮೂರನ್ನೂ ಹೊಸದು ಹಾಕಿದರು. ರಿಂಗುಗಳ ಬಾಯಿ ಒಂದೇ ಸಾಲಿಗೆ ಬಾರದಂತೆ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು. ಹಳೆಯ ಆಯಿಲ್ ತೆಗೆದು ತಳ ತೊಳೆದರು. ಏರ್ ಕ್ಲೀನರಿನ ಬಟ್ಟಲು ತೊಳೆದು, ಗುರುತಿನವರೆಗೆ ಮಾತ್ರ ಆಯಿಲ್ ಹಾಕಿದರು. ಕೊನೆಗೆ ಹೊಸ ಹೋಸು, ಹೊಸ ಕ್ಲಿಪ್ಪು. ಲೈನರು ಪಿಸ್ಟನ್ನಿನ ಬೆಲೆಯ ಮುಂದೆ ಆ ಹೋಸಿನ ಬೆಲೆ ಏನೂ ಅಲ್ಲ.

ಯಂತ್ರವೇನೋ ರಿಪೇರಿಯಾಯಿತು. ಹುಡುಗನ ಗತಿ? ಅವನ ಮನೆಗೆ ನಾವೇ ಹೋದೆವು. ಅವನ ತಾಯಿ ಏನೂ ಮಾತನಾಡದೆ ಚಾಪೆ ಹಾಸಿದರು. "ತಪ್ಪು ನಮ್ಮದಪ್ಪಾ, ಬಾ" ಎಂದೆವು. ಅವನು ತಲೆ ತಗ್ಗಿಸಿ, "ಹೋಸಿನ ಅಡೀಲಿ ನಾನೂ ನೋಡಬೇಕಾಗಿತ್ತು ಬುದ್ಧಿ" ಎಂದ. ನೋಡಿ! ತನ್ನ ಪಾಲಿನ ತಪ್ಪನ್ನು ಅವನು ಯಾರೂ ಹೇಳದೆಯೇ ಎತ್ತಿಕೊಂಡ. ನಾವು ನಮ್ಮ ತಪ್ಪನ್ನೂ ಅವನ ತಲೆಗೇ ಹೊರಿಸಿದ್ದೆವು.

ಮನೆಯಲ್ಲಿ ಏನಾದರೂ ಕೆಟ್ಟರೆ ಕೈಗೆ ಸಿಕ್ಕವರ ಮೇಲೆ ಬೀಳುತ್ತೇವೆ. ಸೊಸೆ ಸಿಕ್ಕರೆ ಸೊಸೆ, ಆಳು ಸಿಕ್ಕರೆ ಆಳು. ಕೆಟ್ಟದ್ದು ಕಣ್ಣಿಗೆ ಕಾಣುತ್ತದೆ. ಕೆಡಿಸಿದ್ದನ್ನು ಬಗ್ಗಿ ಹುಡುಕಬೇಕು. ಹುಡುಕುವ ತಾಳ್ಮೆ ಇಲ್ಲದವನು ಹೊಸ ರಿಂಗು ಹಾಕುತ್ತಲೇ ಇರುತ್ತಾನೆ.

ನಾಳೆ ಬೆಳಿಗ್ಗೆ ಟಿಲ್ಲರ್ ಹೊರಡಿಸುವ ಮೊದಲು ಆ ಹೋಸಿನ ಅಡಿಗೆ ಒಮ್ಮೆ ಬೆರಳಾಡಿಸಿ ನೋಡಿ.