ಫೀಸಿನ ರಸೀದಿ ಮತ್ತು ಮದುವೆಯ ಪಟ್ಟಿ

(ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಜೂನ್ ತಿಂಗಳು ಬಂತೆಂದರೆ ನಮ್ಮ ಸಂಘಗಳಲ್ಲಿ ಸಾಲ ಕೇಳುವವರು ಹೆಚ್ಚುತ್ತಾರೆ. ಬೀಜ ಗೊಬ್ಬರಕ್ಕೆ ಒಂದಷ್ಟು, ಉಳಿದದ್ದು ಮಕ್ಕಳ ಫೀಸಿಗೆ. ಪುಸ್ತಕ ಬರೆಯುವವರು ಸಾಲದ ಕಾರಣ ಎಂಬ ಜಾಗದಲ್ಲಿ 'ವಿದ್ಯಾಭ್ಯಾಸ' ಎಂದು ಒಂದೇ ಪದ ಬರೆದು ಮುಂದೆ ಹೋಗುತ್ತಾರೆ. ಆ ಒಂದು ಪದದೊಳಗೆ ಏನೇನಿದೆ, ಆ ಹಣ ಎಲ್ಲಿಗೆ ಹೋಗುತ್ತದೆ, ಕೊನೆಗೆ ಯಾರ ತಲೆಯ ಮೇಲೆ ಬಂದು ಕೂರುತ್ತದೆ ಎಂದು ಇವತ್ತು ಬಿಡಿಸಿ ನೋಡೋಣ. ಹೊಲಿಗೆ ಯಂತ್ರ ಕೊಳ್ಳುವಾಗ ನಾಲ್ಕು ಅಂಗಡಿ ತಿರುಗಿ ದರ ಕೇಳುವ ನಾವು, ಕಾಲೇಜಿನ ಕೌಂಟರಿನ ಮುಂದೆ ಮಾತ್ರ ಬಾಯಿ ಮುಚ್ಚಿಕೊಂಡು ನಿಲ್ಲುತ್ತೇವೆ.

ವರದಕ್ಷಿಣೆ ವಿರೋಧಿಸುವ ವೇದಿಕೆಯಲ್ಲಿ ಫೀಸಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಅದಕ್ಕೆ ಮೊದಲು ನಮ್ಮ ಮನೆಯ ಕಥೆಯನ್ನೇ ಹೇಳಿಬಿಡುತ್ತೇನೆ.

ನಾನು ಎಸ್ಸೆಸ್ಸೆಲ್ಸಿ ಪಾಸಾದ ವರ್ಷವೇ ನಮ್ಮಣ್ಣ ಪಿಯುಸಿ ಮುಗಿಸಿದ. ಅಂಕ ಕಡಿಮೆ ಬಂದಿತ್ತು. ಖಾಸಗಿ ಕಾಲೇಜೊಂದರಲ್ಲಿ ಇಂಜಿನಿಯರಿಂಗ್ ಸೀಟಿಗೆ ಡೊನೇಷನ್ ಕೇಳಿದರು. ಅಪ್ಪ ಒಂದು ಎಕರೆ ಗದ್ದೆ ಮಾರಿದರು. ಅವ್ವನ ಎರಡೆಳೆ ಸರ ಗಿರವಿ ಅಂಗಡಿಗೆ ಹೋಯಿತು. ಡೊನೇಷನ್ ಹಣ ಕೈಯಿಂದ ಕೈಗೆ ದಾಟಿತು. ರಸೀದಿ ಕೊಟ್ಟದ್ದು ವರ್ಷದ ಫೀಸಿಗೆ ಮಾತ್ರ. ಇಬ್ಬರನ್ನೂ ಓದಿಸುವ ಶಕ್ತಿ ಇಲ್ಲವೆಂದು ನನ್ನ ಓದು ಅಲ್ಲಿಗೇ ನಿಂತಿತು. "ನಿನಗೆ ಮದುವೆ ಬೇರೆ ಮಾಡಬೇಕಲ್ಲಮ್ಮ" ಅಂದರು ಅಪ್ಪ. ಅವರು ಕೆಟ್ಟವರೇನಲ್ಲ. ಎಲ್ಲರೂ ಹಾಕುವ ಲೆಕ್ಕವನ್ನೇ ಅವರೂ ಹಾಕಿದರು.

ಅಣ್ಣನಿಗೆ ಕೆಲಸ ಸಿಕ್ಕಿತು. ಹೆಣ್ಣಿನ ಮನೆಯಲ್ಲಿ ಮಾತುಕತೆಗೆ ಕೂತಾಗ ನಮ್ಮ ಸೋದರಮಾವ ಹೇಳಿದರು: "ಹುಡುಗನನ್ನು ಓದಿಸೋಕೆ ಗದ್ದೆ ಮಾರಿದ್ದೀವಿ. ಅಷ್ಟನ್ನಾದರೂ ತುಂಬಿಕೊಡಿ." ವರದಕ್ಷಿಣೆ ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಬಂದ ಹಣದಲ್ಲಿ ಅವ್ವನ ಸರ ಬಿಡಿಸಿದರು. ಉಳಿದದ್ದರಲ್ಲಿ ನನ್ನ ಮದುವೆ ಆಯಿತು. ಅವರು ಕೊಡಲಾಗದೆ ಬಾಕಿ ಉಳಿದ ಹಣಕ್ಕಾಗಿ ನಮ್ಮ ಅತ್ತಿಗೆ ನಾಲ್ಕು ವರ್ಷ ಚುಚ್ಚುಮಾತು ಕೇಳಿದರು, ಏಟನ್ನೂ ತಿಂದರು. ತವರಿಗೆ ಹೋದಾಗ ನಾನು ಅವರು ಮಾಡಿದ ಅಡುಗೆ ಉಂಡು ಬಂದೆನೇ ಹೊರತು ಅಣ್ಣನನ್ನಾಗಲಿ ಅವ್ವನನ್ನಾಗಲಿ ಒಂದು ಮಾತು ಕೇಳಲಿಲ್ಲ. ನನ್ನ ಮೈಮೇಲಿದ್ದ ಚಿನ್ನ ಅತ್ತಿಗೆಯ ಅಪ್ಪನ ಸಾಲ ಎಂದು ತಿಳಿಯಲು ನಾನು ಸಂಘಕ್ಕೆ ಬಂದು ಜಮಾ ಖರ್ಚು ಬರೆಯುವುದನ್ನು ಕಲಿಯಬೇಕಾಯಿತು.

ನೋಡಿ, ಹಣ ಎಲ್ಲಿಂದ ಎಲ್ಲಿಗೆ ಹೋಯಿತು! ನಮ್ಮ ಗದ್ದೆ ಕಾಲೇಜಿಗೆ ಹೋಯಿತು. ಅದರ ಬೆಲೆ ಬೇರೊಂದು ಮನೆಯ ಹೆಣ್ಣಿನ ಅಪ್ಪನಿಂದ ಬಂತು. ಅಲ್ಲಿಂದ ನನ್ನ ಗಂಡನ ಮನೆಗೆ ಹೋಯಿತು. ದಾರಿಯುದ್ದಕ್ಕೂ ಬೆಲೆ ತೆತ್ತವರು ಹೆಂಗಸರು.

ಈಗ ಫೀಸಿನ ವಿಷಯಕ್ಕೆ ಬರೋಣ. ಕಾಲೇಜು ನಡೆಸಲು ಆಗುವ ದೊಡ್ಡ ಖರ್ಚು ಉಪನ್ಯಾಸಕರ ಸಂಬಳ. ಸರ್ಕಾರಿ ಕಾಲೇಜಿನಲ್ಲಿ ಅದನ್ನು ಸರ್ಕಾರ ಕೊಡುತ್ತದೆ, ಆದ್ದರಿಂದ ಅಲ್ಲಿ ಫೀಸು ಕಡಿಮೆ. ಅದು ಧರ್ಮಕ್ಕೆ ಕೊಟ್ಟದ್ದಲ್ಲ. ಸೋಪು, ಟೂತ್‌ಪೇಸ್ಟು ಕೊಂಡಾಗಲೆಲ್ಲ ನಾವು ಕಟ್ಟುವ ತೆರಿಗೆಯೂ ಅದರಲ್ಲಿದೆ. ಅನುದಾನಿತ ಕಾಲೇಜಿನಲ್ಲಿ ಸರ್ಕಾರ ಒಪ್ಪಿದ ಹುದ್ದೆಗಳಿಗೆ ಸಂಬಳ ಸರ್ಕಾರದಿಂದ ಬರುತ್ತದೆ. ಅನುದಾನವಿಲ್ಲದ ಕಾಲೇಜಿನಲ್ಲಿ ಸಂಬಳ, ಕಟ್ಟಡ, ಬ್ಯಾಂಕಿನ ಸಾಲ ಎಲ್ಲವೂ ಹೆಚ್ಚಾಗಿ ನಮ್ಮ ಮಕ್ಕಳ ಫೀಸಿನಿಂದಲೇ ನಡೆಯಬೇಕು.

ರಸೀದಿಯನ್ನು ಸಾಲು ಸಾಲಾಗಿ ಓದಿ. ಬೋಧನಾ ಶುಲ್ಕ ಕಾಲೇಜಿಗೆ. ನೋಂದಣಿ, ಪರೀಕ್ಷಾ ಶುಲ್ಕ ವಿಶ್ವವಿದ್ಯಾಲಯಕ್ಕೆ. ಪ್ರಯೋಗಾಲಯ, ಗ್ರಂಥಾಲಯ, ಕ್ರೀಡೆ ಬೇರೆ ಬೇರೆ. ಠೇವಣಿ ಎಂದು ಬರೆದಿದ್ದರೆ ಓದು ಮುಗಿದ ಮೇಲೆ ಕೇಳಿ ವಾಪಸು ಪಡೆಯಿರಿ. ಬಸ್ಸು, ಹಾಸ್ಟೆಲ್ ಇದಕ್ಕೆ ಹೊರಗಿನ ಲೆಕ್ಕ. ಫೀಸು ಇಷ್ಟೇ ಎಂದು ನಂಬಿ ಹೋದವರು ಈ ಹೊರಗಿನ ಲೆಕ್ಕಕ್ಕೇ ಬಡ್ಡಿಗೆ ಸಾಲ ಮಾಡುವುದು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ 50,000 ತಂದರೆ ವರ್ಷಕ್ಕೆ 12,000 ಬರೀ ಬಡ್ಡಿಗೇ ಹೋಗುತ್ತದೆ.

ರಸೀದಿ ಇಲ್ಲದ ಹಣವೇ ಡೊನೇಷನ್. ನಮ್ಮ ರಾಜ್ಯದಲ್ಲಿ ಅದನ್ನು ನಿಷೇಧಿಸುವ ಕಾನೂನು 1984ರಲ್ಲೇ ಬಂದಿದೆ. 1989ರಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ಸರ್ಕಾರವೇ ವರ್ಷಕ್ಕೆ ಮೂರು ದರ ಗೊತ್ತು ಮಾಡಿತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ಕರ್ನಾಟಕದ ಉಳಿದವರಿಗೆ 25,000, ಹೊರರಾಜ್ಯದವರಿಗೆ 60,000. ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವಳು ಹೊರರಾಜ್ಯದ ಒಬ್ಬ ವಿದ್ಯಾರ್ಥಿನಿ. 1992ರ ಮೋಹಿನಿ ಜೈನ್ ಪ್ರಕರಣ ಎಂದರೆ ಇದೇ. ಕ್ಯಾಪಿಟೇಷನ್ ಫೀ ಕಾನೂನುಬಾಹಿರ ಎಂದು ನ್ಯಾಯಾಲಯ ಹೇಳಿತು. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಬಂತು, 1994ರಲ್ಲಿ ನಮ್ಮಲ್ಲಿ ಸಿಇಟಿ ಘಟಕ ಆರಂಭವಾಯಿತು. 2002ರ ಟಿ.ಎಂ.ಎ. ಪೈ ತೀರ್ಪು ಖಾಸಗಿ ಕಾಲೇಜುಗಳಿಗೆ ಫೀಸು ಗೊತ್ತುಮಾಡುವ ಸ್ವಾತಂತ್ರ್ಯ ಕೊಟ್ಟಿತು, ಬೆಳವಣಿಗೆಗಾಗಿ ಸ್ವಲ್ಪ ಹಣ ಉಳಿಸಿಕೊಳ್ಳಬಹುದು ಎಂದಿತು. ಆದರೆ ಕ್ಯಾಪಿಟೇಷನ್ ಮತ್ತು ಲಾಭಕೋರತನಕ್ಕೆ ಒಪ್ಪಿಗೆ ಕೊಡಲಿಲ್ಲ.

ವರದಕ್ಷಿಣೆ ನಿಷೇಧ ಕಾಯ್ದೆ 1961ರದು. ಎರಡಕ್ಕೂ ಕಾನೂನಿದೆ. ಎರಡೂ ನಡೆಯುವುದು ಮುಚ್ಚಿದ ಬಾಗಿಲ ಹಿಂದೆ, ಎರಡಕ್ಕೂ ರಸೀದಿ ಇಲ್ಲ. "ಓದಿಸಿದ ಖರ್ಚು" ಎಂದು ಹೆಸರು ಬದಲಿಸಿದ ಮಾತ್ರಕ್ಕೆ ವರದಕ್ಷಿಣೆ ವರದಕ್ಷಿಣೆಯಲ್ಲದೆ ಹೋಗುವುದಿಲ್ಲ. ಮದುವೆಗೆ ಸಂಬಂಧಿಸಿ ಕೇಳಿದ ಹಣ ಯಾವ ಹೆಸರಿನದಾದರೂ ಅದೇ.

ಒಡವೆಯ ಬಗ್ಗೆಯೂ ಒಂದು ಮಾತು. ಮೈದುನನ ಫೀಸಿಗೆಂದು ಸೊಸೆಯ ಒಡವೆ ಗಿರವಿಗೆ ಹೋಗುವುದನ್ನು ನಾವೆಲ್ಲ ಕಂಡಿದ್ದೇವೆ. ಹೆಣ್ಣಿಗೆ ತವರಿನವರು ಕೊಟ್ಟ ಒಡವೆ ಅವಳ ಸ್ತ್ರೀಧನ, ಅದರ ಮೇಲೆ ಪೂರ್ಣ ಹಕ್ಕು ಅವಳದೇ ಎಂದು 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅವಳು ಮನಸಾರೆ ಕೊಟ್ಟರೆ ಅದು ಸಾಲ, ಹಿಂದಿರುಗಿಸಬೇಕು. ಹೆದರಿಸಿ ಕಿತ್ತುಕೊಂಡರೆ ಅದು ದೌರ್ಜನ್ಯ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಆರ್ಥಿಕ ಹಿಂಸೆಯೂ ಸೇರಿದೆ.

ಹಾಗಾದರೆ ಬಡವರು ಮಕ್ಕಳನ್ನು ಓದಿಸುವುದು ಬೇಡವೇ? ಓದಿಸಲೇಬೇಕು, ಅದರಲ್ಲೂ ಹೆಣ್ಣುಮಕ್ಕಳನ್ನು. ಗದ್ದೆ ಮಾರುವ ಮೊದಲು ಇರುವ ದಾರಿಗಳನ್ನು ಕೇಳಿ ತಿಳಿಯಿರಿ. ರಾಜ್ಯದ ವಿದ್ಯಾರ್ಥಿವೇತನಕ್ಕೆ ಎಸ್ಎಸ್‌ಪಿಯಲ್ಲಿ ಅರ್ಜಿ ಹಾಕಬೇಕು. ಜಾತಿ ಆದಾಯ ಪ್ರಮಾಣಪತ್ರಗಳನ್ನು ಫಲಿತಾಂಶಕ್ಕೆ ಮೊದಲೇ ಮಾಡಿಸಿಡಿ. ಮಗಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿರಿ. ಇಂಜಿನಿಯರಿಂಗ್, ಡಿಪ್ಲೊಮಾ ಓದುವ ಹೆಣ್ಣುಮಕ್ಕಳಿಗೆ ಎಐಸಿಟಿಇಯ 'ಪ್ರಗತಿ' ವಿದ್ಯಾರ್ಥಿವೇತನ ವರ್ಷಕ್ಕೆ 50,000 ರೂಪಾಯಿ. ಕುಟುಂಬದ ಆದಾಯ 8 ಲಕ್ಷ ಮೀರಿರಬಾರದು, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳಿಗೆ ಸಿಗಬಹುದು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ ಏಳೂವರೆ ಲಕ್ಷದವರೆಗೆ ಹೊಲ ಮನೆ ಅಡವಿಡಬೇಕಿಲ್ಲ, ಕಂತು ಶುರುವಾಗುವುದು ಓದು ಮುಗಿದ ಮೇಲೆ. ಸೀಟು ಬಿಟ್ಟು ಬರುವ ಮಗುವಿನ ಮೂಲ ಅಂಕಪಟ್ಟಿಯನ್ನು ಕಾಲೇಜು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲಿ ಹೇಳಿದೆ.

ಕೊನೆಯದಾಗಿ, ಮೂರು ನಿರ್ಧಾರಗಳನ್ನು ಇವತ್ತೇ ಸಂಘದ ಪುಸ್ತಕದಲ್ಲಿ ಬರೆಯೋಣ. ಒಂದು, ಕಾಲೇಜಿಗೆ ಹೋಗುವಾಗ ಒಬ್ಬರೇ ಹೋಗುವುದು ಬೇಡ, ಸಂಘದ ಇಬ್ಬರು ಜೊತೆಗಿರಲಿ. ರಸೀದಿ ಕೊಡದ ಹಣವನ್ನು ಕಟ್ಟುವುದು ಬೇಡ, ಅದಕ್ಕಾಗಿ ಸಂಘದ ಸಾಲವೂ ಬೇಡ. ಎರಡು, ಮಗಳ ಮದುವೆಗೆಂದು ಕೂಡಿಟ್ಟ ಹಣದಲ್ಲಿ ಮೊದಲು ಅವಳ ಫೀಸು ಕಟ್ಟೋಣ. ಮೂರನೆಯದು ಗಂಡುಮಕ್ಕಳ ತಾಯಂದಿರಿಗೆ. ಮಗನ ಫೀಸಿನ ರಸೀದಿಯನ್ನು ಬೀಗರ ಮುಂದೆ ಇಡುವುದಿಲ್ಲ ಎಂದು ನೀವು ಮಾತು ಕೊಡಬೇಕು. ಎಲ್ಲಕ್ಕಿಂತ ಕಷ್ಟದ್ದು ಇದೇ ಎಂದು ನನಗೆ ಗೊತ್ತು. ನನಗೂ ಒಬ್ಬ ಮಗನಿದ್ದಾನೆ.

ಹೋದ ವರ್ಷ ನಾನು ಅತ್ತಿಗೆಯ ಬಳಿ ಕೂತು ಈ ಲೆಕ್ಕವನ್ನೆಲ್ಲ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇಷ್ಟು ವರ್ಷ ಆದಮೇಲಾದರೂ ಕೇಳಿದೆಯಲ್ಲ" ಅಂದರು. ನೀವು ಅಷ್ಟು ವರ್ಷ ತಡ ಮಾಡಬೇಡಿ. ನಿಮ್ಮ ಮನೆಯ ಸೊಸೆಯನ್ನು ಇವತ್ತು ಸಂಜೆಯೇ ಕೇಳಿ.