ಹೊನಗೊನ್ನೆ ಸೊಪ್ಪು: ಗಿಡವನ್ನೂ ನೋಡಿ, ನೀರನ್ನೂ ನೋಡಿ
(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳು)

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಸದಸ್ಯೆಯೊಬ್ಬರು ಯಮುನೆಯ ದಡದ ಸೊಪ್ಪಿನ ಫೋಟೋ ಹಾಕಿ, "ಇದು ಹೊನಗೊನ್ನೆ ತಾನೆ? ಪಲ್ಯ ಮಾಡಬಹುದಾ?" ಎಂದು ಕೇಳಿದ್ದರು. ಇವತ್ತಿನ ನನ್ನ ನಾಲ್ಕು ಮಾತು ಅದಕ್ಕೇ ಉತ್ತರ.

ದೆಹಲಿಗೆ ಬಂದ ಹೊಸತರಲ್ಲಿ ನಾನೂ ಓಖ್ಲಾ ಕಡೆಯಿಂದ ಒಂದು ಚೀಲ ಸೊಪ್ಪು ಕಿತ್ತು ತಂದಿದ್ದೆ. ಊರಿಂದ ಬಂದಿದ್ದ ನಮ್ಮತ್ತೆ ಒಂದು ಕಡ್ಡಿ ಎತ್ತಿ ನೋಡಿ, "ಹೂವಿಗೆ ತೊಟ್ಟಿದೆಯಲ್ಲೇ, ಇದು ನಮ್ಮ ಹೊನಗೊನ್ನೆ ಅಲ್ಲ" ಅಂದರು. ಚೀಲ ಹಾಗೇ ಕಸಕ್ಕೆ ಹೋಯಿತು.

ಗುರುತು ಇಷ್ಟೇ. ಹೊನಗೊನ್ನೆಯ ಎಲೆಗಳು ಎದುರುಬದುರಾಗಿ ಜೋಡಿ ಜೋಡಿ ಇರುತ್ತವೆ. ಪುಟ್ಟ ಬಿಳಿ ಹೂಗೊಂಚಲು ಎಲೆಯ ಬುಡದಲ್ಲಿ ಕಾಂಡಕ್ಕೇ ಅಂಟಿಕೊಂಡಿರುತ್ತದೆ. ಅದರ ದಾಯಾದಿ ಅಲಿಗೇಟರ್ ವೀಡ್, ದಕ್ಷಿಣ ಅಮೆರಿಕದಿಂದ ಬಂದ ಕಳೆ. ಅದರ ಹೂಚೆಂಡು ಉದ್ದನೆಯ ತೊಟ್ಟಿನ ತುದಿಯಲ್ಲಿ ನಿಲ್ಲುತ್ತದೆ. ಹೂವಿಲ್ಲದಾಗ ಎರಡೂ ಒಂದೇ ಥರ ಕಾಣುತ್ತವೆ. ಆಗ ಕೀಳದಿರುವುದೇ ಲೇಸು.

ನಮ್ಮ ಕಡೆ ಗದ್ದೆ ಬದು, ಕೆರೆ ಅಂಚಿನ ಈ ಸೊಪ್ಪಿನಿಂದ ಪಲ್ಯ, ಮಸ್ಸೊಪ್ಪು, ತಂಬುಳಿ ಮಾಡುತ್ತಾರೆ. ಸಂಸ್ಕೃತದಲ್ಲಿ ಇದಕ್ಕೆ ಮತ್ಸ್ಯಾಕ್ಷಿ ಎಂದು ಹೆಸರು. ಕಣ್ಣಿಗೆ ತಂಪು, ಕೂದಲಿಗೆ ಒಳ್ಳೆಯದು ಎಂದು ಅಜ್ಜಿಯರು ಹೇಳುತ್ತಾರೆ. ಹಾಗೆಂದು ಡಾಕ್ಟರು ಕೊಟ್ಟ ಕನ್ನಡಕ ತೆಗೆದಿಡಬೇಡಿ!

ಆದರೆ ಗಿಡ ಸರಿಯಾಗಿದ್ದರೆ ಸಾಲದು, ಅದು ನಿಂತ ನೀರೂ ಸರಿಯಿರಬೇಕು. ನಮ್ಮ ಅಜ್ಜಿಯರು ಈ ಪ್ರಶ್ನೆ ಕೇಳಬೇಕಾಗಿರಲಿಲ್ಲ, ನಾವು ಕೇಳಲೇಬೇಕು. ದೆಹಲಿಯ ಯಮುನೆಗೆ ಊರಿನ ಚರಂಡಿ ನೀರೂ ಕಾರ್ಖಾನೆ ನೀರೂ ಸೇರುತ್ತವೆ. ಆ ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂ ಗಿಡದೊಳಕ್ಕೇ ಸೇರಿಕೊಳ್ಳುತ್ತವೆ. ಉಪ್ಪುನೀರಲ್ಲಿ ತೊಳೆದರೂ, ಬೇಯಿಸಿ ಬಸಿದರೂ ಪೂರ್ತಿ ಹೋಗುವುದಿಲ್ಲ. ಅದಕ್ಕೇ 2015ರ ಜನವರಿಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ನದಿ ಶುದ್ಧವಾಗುವ ತನಕ ಇಲ್ಲಿನ ಯಮುನಾ ಬಯಲಿನಲ್ಲಿ ತಿನ್ನುವ ಬೆಳೆ ಬೆಳೆಯಬಾರದು ಎಂದು ಆದೇಶ ಮಾಡಿತು. ಬೆಳೆದದ್ದೇ ಬೇಡವೆಂದ ಮೇಲೆ ತಾನಾಗಿ ಹುಟ್ಟಿದ್ದು ಮಾತ್ರ ಹೇಗೆ ಸರಿಯಾದೀತು?

ಹಾಗಾದರೆ ಬಾಯಿ ಕಟ್ಟಬೇಕೇ? ಬೇಡ. ಊರಿಗೆ ಹೋದಾಗ ನಾಲ್ಕು ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿ. ಗೆಣ್ಣು ಮಣ್ಣೊಳಗೆ ಹೋಗುವಂತೆ ಕುಂಡದಲ್ಲಿ ಊರಿ, ತೇವ ಆರದಂತೆ ನೋಡಿಕೊಳ್ಳಿ. ಸುಲಭವಾಗಿ ಬೇರು ಬಿಡುತ್ತದೆ. ನನ್ನ ಬಾಲ್ಕನಿಯ ಗಿಡ ಅತ್ತೆ ತಂದುಕೊಟ್ಟದ್ದು. ಅತ್ತೆ ಈಗಿಲ್ಲ, ಗಿಡ ಇದೆ. ಅದರ ಒಂದಿಷ್ಟು ಕಡ್ಡಿ ಮುರಿದು ತಂದಿದ್ದೇನೆ. ಹೋಗುವಾಗ ಒಂದೊಂದು ತೆಗೆದುಕೊಂಡು ಹೋಗಿ. ಫೋಟೋ ಹಾಕಿದವರಿಗೆ ಎರಡು!