ಹಲಗೆಯ ಮೇಲಿನ ಅರಸ



ರೋಮನ್ನರು ಒಬ್ಬನನ್ನು ಶಿಲುಬೆಗೇರಿಸುವಾಗ ಅವನ ಅಪರಾಧವನ್ನು ಹಲಗೆಯ ಮೇಲೆ ಬರೆದು ಊರಿಗೆಲ್ಲ ಕಾಣಿಸುವುದಿತ್ತು. ಯೇಸುವಿನ ತಲೆಯ ಮೇಲಿದ್ದ ಹಲಗೆಯಲ್ಲಿ ಕಳ್ಳತನವಾಗಲಿ ಕೊಲೆಯಾಗಲಿ ಇರಲಿಲ್ಲ. ಈತ ಯೆಹೂದ್ಯರ ಅರಸ ಎಂದಿತ್ತು. ಹೀಬ್ರೂ, ಲ್ಯಾಟಿನ್, ಗ್ರೀಕ್ ಮೂರೂ ಭಾಷೆಗಳಲ್ಲಿ ಹಾಗೆ ಬರೆಸಲಾಗಿತ್ತೆಂದು ಯೊವಾನ್ನನ ಶುಭಸಂದೇಶ ಹೇಳುತ್ತದೆ. ಅರಸನೆಂದು ಹೇಳಿಕೊಂಡವನು ಎಂದು ತಿದ್ದಿ ಎಂದು ಮುಖ್ಯ ಯಾಜಕರು ಕೇಳಿದರೂ ರೋಮನ್ ಅಧಿಪತಿ ಪಿಲಾತ ಕೇಳಲಿಲ್ಲ. ಅವನ ಪಾಲಿಗೆ ಅದೊಂದು ಅಣಕ. ಕ್ರೈಸ್ತರು ಮಾತ್ರ ಎರಡು ಸಾವಿರ ವರ್ಷಗಳಿಂದ ಆ ಹಲಗೆಯನ್ನು ಅಕ್ಷರಕ್ಕೆ ಅಕ್ಷರ ನಂಬುತ್ತ ಬಂದಿದ್ದಾರೆ. ಇವತ್ತಿನ ನನ್ನ ಮಾತೆಲ್ಲ ಆ ಹಲಗೆಯ ಸುತ್ತಲೇ.

ಬೈಬಲಿಗೆ ಅರಸರ ಬಗ್ಗೆ ಮೊದಲಿನಿಂದಲೂ ಅನುಮಾನ. ಇಸ್ರಯೇಲರು ಗಿದ್ಯೋನನಿಗೆ ದೊರೆಯಾಗು ಎಂದಾಗ, ದೇವರೊಬ್ಬನೇ ನಿಮ್ಮನ್ನು ಆಳುವವನು ಎಂದು ಅವನು ನಿರಾಕರಿಸಿದ. ಮುಂದೆ ಅದೇ ಜನ ಮುದಿ ಪ್ರವಾದಿ ಸಮುವೇಲನ ಬಳಿ ಬಂದು, ಸುತ್ತಲಿನ ನಾಡುಗಳಿಗಿರುವಂತೆ ನಮಗೂ ಒಬ್ಬ ಅರಸ ಬೇಕು ಎಂದು ಹಟ ಹಿಡಿದರು. ಸಮುವೇಲ ಕೊಟ್ಟ ಎಚ್ಚರಿಕೆಯನ್ನು ಓದುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಅರಸ ನಿಮ್ಮ ಗಂಡುಮಕ್ಕಳನ್ನು ರಥದ ಮುಂದೆ ಓಡಿಸುತ್ತಾನೆ, ಹೆಣ್ಣುಮಕ್ಕಳನ್ನು ಅಡುಗೆಮನೆಗೆ ಎಳೆಯುತ್ತಾನೆ, ಒಳ್ಳೆಯ ಹೊಲಗಳನ್ನು ಕಿತ್ತುಕೊಂಡು ತನ್ನವರಿಗೆ ಹಂಚುತ್ತಾನೆ. ಅರಸನೆಂದರೆ ತೆಗೆದುಕೊಳ್ಳುವವನು. ದೇವರು ಅರಸನೆಂಬ ನಂಬಿಕೆ ಹುಟ್ಟಿದ್ದು ದೊರೆಗಳ ಮೇಲಿನ ಮೋಹದಿಂದಲ್ಲ ಎನ್ನಲು ನನಗೆ ಈ ಅಧ್ಯಾಯವೇ ಆಧಾರ.

ಯೇಸು ಸಾರಿದ ದೇವರ ರಾಜ್ಯಕ್ಕೆ ಗ್ರೀಕಿನಲ್ಲಿ 'ಬಸಿಲೇಯ' ಎನ್ನುತ್ತಾರೆ. ಅಲ್ಲಿ ಆ ಪದಕ್ಕೆ ನೆಲಕ್ಕಿಂತ ಹೆಚ್ಚಾಗಿ ಆಳುವ ಕ್ರಿಯೆಯ ಅರ್ಥ. ನಮಗೆ ರಾಜ್ಯವೆಂದೊಡನೆ ಗಡಿ, ನಕ್ಷೆ, ರಾಜಧಾನಿ ನೆನಪಾಗುತ್ತವೆ. ಅರಸುತನ ಎಂದೋ ಆಳ್ವಿಕೆ ಎಂದೋ ಅಂದರೆ ಮೂಲಕ್ಕೆ ಹತ್ತಿರ. ಆಳ್ವಿಕೆ ಎಂದಾಗ ಕನ್ನಡ ನಮಗೆ ಇನ್ನೂ ಒಂದನ್ನು ಕೊಡುತ್ತದೆ. ಆಳು ಎಂದರೆ ರಾಜ್ಯಭಾರ ಮಾಡು. ಆಳು ಎಂದರೆ ತೋಟದಲ್ಲಿ ದುಡಿಯುವವನೂ ಹೌದು. ಆಳುವವನ ಮಾತೂ ಆಳಿನ ಮಾತೂ ನಮ್ಮ ನಾಲಗೆಯಲ್ಲಿ ಒಂದೇ. ಕಡೆಯ ಭೋಜನದ ರಾತ್ರಿ ಯೇಸು ಮೇಲಂಗಿ ತೆಗೆದಿಟ್ಟು, ಸೊಂಟಕ್ಕೆ ಬಟ್ಟೆ ಸುತ್ತಿ, ಶಿಷ್ಯರ ಕಾಲು ತೊಳೆದ. ಅದು ಮನೆಯಾಳಿನ ಕೆಲಸ. ಆಳಾಗಿ ದುಡಿ, ಅರಸಾಗಿ ಉಣ್ಣು ಎಂಬ ಗಾದೆ ನಮ್ಮಲ್ಲಿದೆ. ಗಾದೆಯಲ್ಲಿ ಮೊದಲು ಆಳುತನ, ಆಮೇಲೆ ಅರಸುತನ. ಯೊವಾನ್ನನಲ್ಲಿ ಹಾಗೆ ಹಿಂದುಮುಂದಿಲ್ಲ. ಶಿಲುಬೆಯ ಮೇಲೆ ಎತ್ತಿದ್ದನ್ನೂ ಮಹಿಮೆಗೆ ಏರಿದ್ದನ್ನೂ ಅವನು ಒಂದೇ ಕ್ರಿಯಾಪದದಲ್ಲಿ ಹೇಳುತ್ತಾನೆ. ಯೇಸು ಕಷ್ಟಪಟ್ಟು ಆಮೇಲೆ ಸಿಂಹಾಸನ ಗಳಿಸಿದವನಲ್ಲ, ಕಾಲು ತೊಳೆಯುವುದೇ ಅವನ ರಾಜ್ಯಭಾರ. ಐದು ರೊಟ್ಟಿಯನ್ನು ಸಾವಿರಾರು ಜನರಿಗೆ ಹಂಚಿದ ದಿನ ಜನ ಅವನನ್ನು ಬಲವಂತವಾಗಿ ದೊರೆ ಮಾಡಲು ಬಂದಾಗ ಅವನು ಒಬ್ಬನೇ ಬೆಟ್ಟಕ್ಕೆ ಸರಿದುಹೋದದ್ದು ಇದೇ ಕಾರಣಕ್ಕೆ ಎಂದು ನಾನು ತಿಳಿದಿದ್ದೇನೆ.

ಹಾಗೆಂದು ಇದು ಕೇವಲ ಮನಸ್ಸಿನೊಳಗಿನ ಅರಸುತನ, ಲೋಕಕ್ಕೆ ಸಂಬಂಧವಿಲ್ಲದ್ದು ಎನ್ನುವವರನ್ನು ನಾನು ಒಪ್ಪಲಾರೆ. ಎರಡನೆಯ ಶತಮಾನದಲ್ಲಿ ಸ್ಮಿರ್ನಾ ಪಟ್ಟಣದ ಬಿಷಪ್ ಪೊಲಿಕಾರ್ಪನನ್ನು ಹಿಡಿದು ತಂದು, ಚಕ್ರವರ್ತಿಯ ಮೇಲೆ ಆಣೆಯಿಟ್ಟು ಕ್ರಿಸ್ತನನ್ನು ಬೈದುಬಿಡು, ಬಿಡುಗಡೆ ಮಾಡುತ್ತೇವೆ ಎಂದರು. 86 ವರ್ಷ ಸೇವೆ ಮಾಡಿದ್ದೇನೆ, ನನ್ನನ್ನು ಕಾಪಾಡಿದ ಅರಸನನ್ನು ಹೇಗೆ ಬೈಯಲಿ ಎಂಬ ಅರ್ಥದ ಮಾತಾಡಿ ಆ ಮುದುಕ ಬೆಂಕಿಗೆ ಹೋದ. ಅವನ ಸಾವನ್ನು ಬರೆದಿಟ್ಟವರ ಒಂದು ಸಾಲು ಶಾಸನ ಓದುವ ಕನ್ನಡಿಗರಿಗೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ಶಾಸನಗಳಲ್ಲಿ ಇಂಥ ದೊರೆ ಪೃಥ್ವೀರಾಜ್ಯಂಗೆಯ್ಯುತ್ತಿರೆ ಎಂದು ಕಾಲ ಹೇಳುವಂತೆ, ಅವರೂ ದಿನ, ತಿಂಗಳು, ಪ್ರಾಂತದ ಅಧಿಪತಿ ಎಲ್ಲವನ್ನೂ ದಾಖಲಿಸಿದರು. ಚಕ್ರವರ್ತಿಯ ಹೆಸರು ಬರಬೇಕಾದ ಕಡೆ ಯೇಸುಕ್ರಿಸ್ತ ಎಂದೆಂದಿಗೂ ಆಳುತ್ತಿದ್ದಾನೆ ಎಂದು ಬರೆದರು.

ಮುಂದೆ ಚಕ್ರವರ್ತಿಗಳೇ ಕ್ರೈಸ್ತರಾದರು. ರೋಮಿನ ಸಾಂತಾ ಪುದೆಂಜಿಯಾನ ಗುಡಿಯಲ್ಲಿ ಸುಮಾರು 400ರ ಹೊತ್ತಿನ ಒಂದು ಮೊಸಾಯಿಕ್ ಚಿತ್ರವಿದೆ. ಚಿನ್ನದ ನಿಲುವಂಗಿ ತೊಟ್ಟ ಕ್ರಿಸ್ತ ರತ್ನಖಚಿತ ಪೀಠದಲ್ಲಿ ಕುಳಿತಿದ್ದಾನೆ. ಅಪೊಸ್ತಲರು ರೋಮನ್ ಗಣ್ಯರಂತೆ ಉಡುಪು ಧರಿಸಿ ಅಕ್ಕಪಕ್ಕದಲ್ಲಿದ್ದಾರೆ. ಚಿತ್ರ ಚೆಂದವೇ. ಆದರೆ ಕ್ರಿಸ್ತನಿಗೆ ದೊರೆಯ ಬಟ್ಟೆ ತೊಡಿಸಿದ ಮೇಲೆ ದೊರೆಗಳು ಕ್ರಿಸ್ತನ ಬಟ್ಟೆ ಕೇಳುವುದು ತಡವಾಗಲಿಲ್ಲ. ಯುರೋಪಿನ ಎಷ್ಟೋ ಅರಸರು ತಮ್ಮ ತಪ್ಪಿಗೆ ದೇವರ ಮುದ್ರೆ ಒತ್ತಿಸಿಕೊಂಡರು. ಇದು ಧರ್ಮಸಭೆಯ ನೋವಿನ ಚರಿತ್ರೆ, ಮುಚ್ಚಿಡಬಾರದು.

1925ರ ಡಿಸೆಂಬರ್ 11ರಂದು ಹನ್ನೊಂದನೆಯ ಪಯಸ್ ಪೋಪರು 'ಕ್ವಾಸ್ ಪ್ರಿಮಾಸ್' ಎಂಬ ಪತ್ರದ ಮೂಲಕ ಕ್ರಿಸ್ತರಾಜರ ಹಬ್ಬವನ್ನು ಸ್ಥಾಪಿಸಿದರು. ಮೊದಲ ಮಹಾಯುದ್ಧದಲ್ಲಿ ಜರ್ಮನಿ, ಆಸ್ಟ್ರಿಯ, ರಷ್ಯಗಳ ಸಿಂಹಾಸನಗಳು ಉರುಳಿದ್ದವು, ಇಟಲಿಯಲ್ಲಿ ಮುಸೊಲಿನಿ ಅಧಿಕಾರದಲ್ಲಿದ್ದ. ಎರಡೇ ವರ್ಷಕ್ಕೆ, 1927ರ ನವೆಂಬರ್ 23ರಂದು, ಧರ್ಮಸಭೆಯನ್ನು ಸರ್ಕಾರ ದಮನಿಸುತ್ತಿದ್ದ ಮೆಕ್ಸಿಕೊದಲ್ಲಿ ಪಾದ್ರಿ ಮಿಗುಯೆಲ್ ಪ್ರೊ ಸರ್ಕಾರದ ಗುಂಡಿನ ಎದುರು ಕೈಗಳನ್ನು ಶಿಲುಬೆಯಂತೆ ಚಾಚಿ, ಕ್ರಿಸ್ತರಾಜನಿಗೆ ಜಯವಾಗಲಿ ಎನ್ನುತ್ತ ಸತ್ತರು. ಅದೇ ದೇಶದಲ್ಲಿ ಅದೇ ಘೋಷಣೆ ಕೂಗಿ ಬಂದೂಕು ಹಿಡಿದವರೂ ಇದ್ದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಆ ಘೋಷಣೆ ತನ್ನ ಜಾಗ ಕಂಡುಕೊಂಡದ್ದು ಬರಿಗೈ ಚಾಚಿದವರಲ್ಲಿ.

ಮೊದಲು ಅಕ್ಟೋಬರ್ ಕೊನೆಯ ಭಾನುವಾರವಿದ್ದ ಕ್ರಿಸ್ತರಾಜರ ಹಬ್ಬ, 1969ರ ಸುಧಾರಣೆಯ ನಂತರ ಆರಾಧನಾ ವರ್ಷದ ಕಟ್ಟಕಡೆಯ ಭಾನುವಾರಕ್ಕೆ ಬಂತು. ಮೂರು ವರ್ಷಕ್ಕೊಮ್ಮೆ ಆ ದಿನ ಓದುವ ಪಾಠ ಲೂಕನದು. ಅದರಲ್ಲಿ ಸಿಂಹಾಸನವಿಲ್ಲ, ಮೂರು ಶಿಲುಬೆಗಳಿವೆ. ಸೈನಿಕರು ಅರಸನಾದರೆ ನಿನ್ನನ್ನು ನೀನೇ ರಕ್ಷಿಸಿಕೋ ಎಂದು ಅಣಕಿಸುತ್ತಾರೆ. ಪಕ್ಕದಲ್ಲಿ ನೇತಾಡುತ್ತಿದ್ದ ಒಬ್ಬ ಅಪರಾಧಿ ಮಾತ್ರ ಅವನ ರಾಜ್ಯದಲ್ಲಿ ತನ್ನನ್ನು ನೆನೆಯಬೇಕೆಂದು ಬೇಡುತ್ತಾನೆ. ಲೂಕನ ಪುಸ್ತಕದಲ್ಲಿ ಉಳಿದವರು ಯೇಸುವಿನ ಹೆಸರು ಹಿಡಿದು ಕರೆಯುವಾಗ ಗುರುವೇ ಎಂದೋ ದಾವೀದನ ಮಗನೇ ಎಂದೋ ಸೇರಿಸುತ್ತಾರೆ. ಈ ಮನುಷ್ಯ ಬಿರುದನ್ನೇನೂ ಸೇರಿಸುವುದಿಲ್ಲ. ಜೊತೆಗೆ ಸಾಯುತ್ತಿರುವವನನ್ನು ಕರೆಯುವಂತೆ, ಬರೀ ಹೆಸರು ಹಿಡಿದು ಕರೆಯುತ್ತಾನೆ.